ಬೇರಿಂಗ್ ಕೂರಿಸುವ, ಕೀಳುವ ಮೊದಲು ಮೂರು ಸಣ್ಣ ಲೆಕ್ಕ

ನೀರೆತ್ತುವ ಮೋಟರ್ ರಿಪೇರಿಯಲ್ಲಿ ಬೇರಿಂಗ್ (ಒಳಗೊಂದು, ಹೊರಗೊಂದು ರಿಂಗು, ನಡುವೆ ಗುಂಡುಗಳು) ಬದಲಿಸುವುದು ಮಾಮೂಲಿ ಕೆಲಸ. ಆದರೆ ಎಷ್ಟೋ ಹೊಸ ಬೇರಿಂಗ್‌ಗಳು ಕೂರಿಸುವಾಗಲೇ ಹಾಳಾಗುತ್ತವೆ. ಸುತ್ತಿಗೆ ಪೆಟ್ಟು ಬಿದ್ದಾಗ ಗುಂಡುಗಳು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ. ಆಮೇಲೆ ಯಾವಾಗಲೋ ಮೋಟರ್ ಗರ್ ಎನ್ನಲು ಶುರುಮಾಡುತ್ತದೆ. ಎಷ್ಟು ಬಿಗಿ ಇದೆ, ಎಷ್ಟು ಬಿಸಿ ಬೇಕು, ಎಷ್ಟು ಬಲ ಬೇಕು ಎಂದು ಮೊದಲೇ ಲೆಕ್ಕ ಹಾಕಿದರೆ ಈ ನಷ್ಟ ತಪ್ಪುತ್ತದೆ. ಹೈಸ್ಕೂಲ್ ಗಣಿತ ಸಾಕು.

ಉದಾಹರಣೆಗೆ 6205 ನಂಬರಿನ ಬೇರಿಂಗ್ ತೆಗೆದುಕೊಳ್ಳೋಣ. ಒಳಗಿನ ತೂತು 25 ಮಿ.ಮೀ., ಹೊರ ಅಳತೆ 52, ದಪ್ಪ 15. ಲೆಕ್ಕಕ್ಕಾಗಿ ಗುಂಡು, ಅವನ್ನು ಹಿಡಿದಿಡುವ ಕೇಜು ಎಲ್ಲವನ್ನೂ ಮರೆತುಬಿಡಿ. ಶಾಫ್ಟ್ ಅಂದರೆ ನುಣುಪಾದ ಸರಳು, ಒಳ ರಿಂಗು ಅಂದರೆ ಒಂದು ತುಂಡು ಪೈಪು. ನಮ್ಮ ಸರಳ ಮಾದರಿ ಇಷ್ಟೇ.

ಮೊದಲು ಅಳೆಯಿರಿ

ಶಾಫ್ಟ್ ತೂತಿಗಿಂತ ಒಂಚೂರು ದಪ್ಪ ಇರುತ್ತದೆ, ಬಿಗಿ ಬರುವುದು ಅದರಿಂದಲೇ. ಇಂಥ ಮೋಟರ್‌ಗಳಿಗೆ ಸಾಮಾನ್ಯವಾಗಿ ಹೇಳುವ ಕೆ5 ಫಿಟ್‌ನಲ್ಲಿ (ಇದು ಶಾಫ್ಟ್ ದಪ್ಪದ ಒಂದು ದರ್ಜೆ) ಶಾಫ್ಟ್ 25 ಮಿ.ಮೀ.ಗಿಂತ 2ರಿಂದ 11 ಮೈಕ್ರಾನ್ ಹೆಚ್ಚು. ಬೇರಿಂಗ್ ತೂತು 25ಕ್ಕಿಂತ 0ಯಿಂದ 10 ಮೈಕ್ರಾನ್ ಕಡಿಮೆ ಇರಬಹುದು. ಒಟ್ಟು ಬಿಗಿ ಕನಿಷ್ಠ 2, ಗರಿಷ್ಠ 21 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಇದನ್ನು ವರ್ನಿಯರ್‌ನಲ್ಲಿ ಅಳೆಯಲು ಹೋಗಬೇಡಿ. ಸಾಮಾನ್ಯ ವರ್ನಿಯರ್‌ನ ಒಂದು ಗೆರೆಯೇ 20 ಮೈಕ್ರಾನ್. ನಮಗೆ ಬೇಕಾದ ಇಡೀ ಬಿಗಿ ಹೆಚ್ಚುಕಡಿಮೆ ಒಂದು ಗೆರೆಯೊಳಗೆ ಅಡಗಿಹೋಗುತ್ತದೆ. ಮೈಕ್ರೋಮೀಟರ್ ಬೇಕೇ ಬೇಕು. ಶಾಫ್ಟನ್ನು ಒರೆಸಿ, ಎರಡು ಮೂರು ಜಾಗದಲ್ಲಿ, ತಿರುಗಿಸಿ ತಿರುಗಿಸಿ ಅಳೆಯಿರಿ.

ಬಿಸಿಯ ಲೆಕ್ಕ

ಉಕ್ಕು ಒಂದು ಡಿಗ್ರಿ ಬಿಸಿಯಾದರೆ ತನ್ನ ಅಳತೆಯ 0.000012 ಪಾಲು ಹಿಗ್ಗುತ್ತದೆ. 25 ಮಿ.ಮೀ. ತೂತಿಗೆ ಅದು ಡಿಗ್ರಿಗೆ 0.3 ಮೈಕ್ರಾನ್. ಇದೊಂದನ್ನು ನೆನಪಿಟ್ಟುಕೊಳ್ಳಿ. ರೂಮಿನ ಬಿಸಿ 30 ಡಿಗ್ರಿ ಇದ್ದು, ಬೇರಿಂಗನ್ನು 110ಕ್ಕೆ ಕಾಯಿಸಿದರೆ ಏರಿದ್ದು 80 ಡಿಗ್ರಿ. ತೂತು ಹಿಗ್ಗಿದ್ದು 24 ಮೈಕ್ರಾನ್. ಅತಿ ಬಿಗಿ ಫಿಟ್ 21 ತಾನೇ? ಬೇರಿಂಗ್ ಕೈಯಲ್ಲೇ ಜಾರಿ ಕೂರುತ್ತದೆ.

ಆದರೆ ಉಳಿದಿರುವುದು 3 ಮೈಕ್ರಾನ್ ಸಂದು ಮಾತ್ರ. ತಣ್ಣನೆ ಶಾಫ್ಟ್ ಮುಟ್ಟಿದ ಕೂಡಲೇ ರಿಂಗು ಕುಗ್ಗಲು ಶುರು. ನಡುದಾರಿಯಲ್ಲಿ ನಿಲ್ಲಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ದಪ್ಪ ಗ್ಲೌಸ್ ಹಾಕಿಕೊಂಡು, ಒಂದೇ ಉಸಿರಿಗೆ ಕೊನೆಯವರೆಗೂ ತಳ್ಳಿ, ತಣಿಯುವ ತನಕ ಒತ್ತಿ ಹಿಡಿಯಬೇಕು.

ಇನ್ನೂ ಕಾಯಿಸಿದರೆ ಇನ್ನೂ ಸುಲಭ ಅಲ್ವಾ ಎನ್ನಬಹುದು. ಬೇಡ. ಮಾಮೂಲಿ ಬೇರಿಂಗನ್ನು 120 ಡಿಗ್ರಿ ದಾಟಿಸಬಾರದು, ಉಕ್ಕಿನ ಗುಣವೇ ಬದಲಾಗಬಹುದು. ಗ್ಯಾಸ್ ಬೆಂಕಿಯ ಉರಿಯನ್ನಂತೂ ನೇರವಾಗಿ ಹಿಡಿಯಲೇಬಾರದು. ಬಿಸಿ ಎಣ್ಣೆ ಅಥವಾ ಇಂಡಕ್ಷನ್ ಹೀಟರ್ ಒಳ್ಳೆಯದು. ರಬ್ಬರ್ ಸೀಲ್ ಇರುವ ಬೇರಿಂಗ್‌ನೊಳಗೆ ಗ್ರೀಸ್ ತುಂಬಿರುತ್ತದೆ, ಅದನ್ನು ಎಣ್ಣೆಯಲ್ಲಿ ಮುಳುಗಿಸಬೇಡಿ, 80 ಡಿಗ್ರಿಗೇ ನಿಲ್ಲಿಸಿ. ಆಗ ಸಿಗುವುದು 15 ಮೈಕ್ರಾನ್. ಅಳತೆಯಲ್ಲಿ 10 ಬಂದಿದ್ದರೆ ಸಾಕು, 18 ಬಂದಿದ್ದರೆ ಸಾಲದು. ಮಿಕ್ಕಿದ್ದನ್ನು ಒತ್ತಿಯೇ ಕೂರಿಸಬೇಕು.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರರು ನಂಬಿದ್ದೂ ಈ ಹಿಗ್ಗುವಿಕೆಯನ್ನೇ. ಪಟ್ಟಿಯನ್ನು ಮಾತ್ರ ಕಾಯಿಸಿ, ಚಕ್ರದ ಮೇಲಿಟ್ಟು, ತಕ್ಷಣ ನೀರು ಹೊಯ್ಯುತ್ತಾರೆ. 'ಮಾತ್ರ' ಅನ್ನುವುದೇ ಇಲ್ಲಿ ಮುಖ್ಯ. ಕೀಳುವಾಗ ಇದು ಮತ್ತೆ ಬರುತ್ತದೆ.

ಬಲದ ಲೆಕ್ಕ

ಬಿಗಿಯಾದ ಪೈಪು ಸರಳನ್ನು ಎಷ್ಟು ಅಮುಕುತ್ತದೆ ಎಂಬ ಸೂತ್ರ 19ನೇ ಶತಮಾನದ ಫ್ರೆಂಚ್ ಗಣಿತಜ್ಞ ಗೇಬ್ರಿಯಲ್ ಲಾಮೆಯ ಕೆಲಸದಿಂದ ಬಂದದ್ದು. ನಮ್ಮ ಬೇರಿಂಗ್‌ಗೆ 10 ಮೈಕ್ರಾನ್ ಬಿಗಿ ಹಾಕಿ, ಒಳ ರಿಂಗಿನ ಹೊರ ಅಳತೆ ಸರಾಸರಿ 33 ಮಿ.ಮೀ. ಎಂದಿಟ್ಟುಕೊಂಡರೆ, ಒತ್ತಡ ಚದರ ಮಿಲಿಮೀಟರಿಗೆ ಸುಮಾರು 18 ನ್ಯೂಟನ್. ಮುಟ್ಟುವ ಜಾಗ ಸುಮಾರು 1,180 ಚದರ ಮಿ.ಮೀ. ಎರಡನ್ನೂ ಗುಣಿಸಿ, ಎಣ್ಣೆ ಸವರಿದ ಉಕ್ಕಿನ ಘರ್ಷಣೆ 0.12ರಿಂದ ಮತ್ತೆ ಗುಣಿಸಿ. ಸುಮಾರು 2,500 ನ್ಯೂಟನ್, ಅಂದರೆ 250 ಕಿಲೋ ಭಾರ. ಬಿಗಿ 20 ಮೈಕ್ರಾನ್ ಆದರೆ ಬಲವೂ ಎರಡು ಪಟ್ಟು, 500 ಕಿಲೋ.

ಹೊರ ರಿಂಗಿಗೆ ಏಕೆ ಹೊಡೆಯಬಾರದು ಎಂಬುದು ಈಗ ಗೊತ್ತಾಗುತ್ತದೆ. ಅಷ್ಟೂ ಬಲ ಗುಂಡುಗಳ ಮೂಲಕವೇ ಒಳ ರಿಂಗಿಗೆ ಹೋಗಬೇಕು. ಒಂದೊಂದು ಗುಂಡು ಮುಟ್ಟುವ ಜಾಗವೋ ಸಾಸಿವೆಗಿಂತ ಚಿಕ್ಕದು. ಬಿಗಿ ಇರುವ ರಿಂಗನ್ನೇ ಒತ್ತಿ. ಒಳ ರಿಂಗಿನ ಅಂಚಿಗೆ ಮಾತ್ರ ತಾಗುವ ಪೈಪ್ ತುಂಡಿಟ್ಟು, ಆರ್ಬರ್ ಪ್ರೆಸ್ಸಿನಲ್ಲಿ (ಹಿಡಿಕೆ ಎಳೆದು ಒತ್ತುವ ಸಣ್ಣ ಪ್ರೆಸ್) ನಿಧಾನವಾಗಿ ಒತ್ತಿದರೆ ತುಂಬಾ ಒಳ್ಳೆಯದು. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಆಕ್ಸಲ್ಲಿಗೆ ಕೂರಿಸುವುದೂ ಹೀಗೆ ಪ್ರೆಸ್ಸಿನಲ್ಲಿ ಒತ್ತಿಯೇ.

ಲೆಕ್ಕಕ್ಕೂ ನಿಜಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಶಾಫ್ಟಿನ ಮೈಮೇಲಿನ ಸಣ್ಣ ಸಣ್ಣ ಉಬ್ಬುಗಳು ಒತ್ತುವಾಗ ಚಪ್ಪಟೆಯಾಗಿ, ಬಿಗಿ ಸ್ವಲ್ಪ ಕಡಿಮೆಯಾಗುತ್ತದೆ. ಎಣ್ಣೆ ಒಣಗಿದ್ದರೆ ಘರ್ಷಣೆ ಏರುತ್ತದೆ. 250 ಕಿಲೋ ಅಂದಾಗ 200 ಬಂದೀತು, 350 ಬಂದೀತು. ಆದರೆ ಪ್ರೆಸ್ 1,000 ತೋರಿಸುತ್ತಿದ್ದರೆ ನಿಲ್ಲಿಸಿ. ಅಲ್ಲಿ ಬೇರೆ ಏನೋ ತಪ್ಪಾಗಿದೆ.

ಓರೆಯಾಗದಂತೆ ಹೊಗಿಸಿ

ಆ ತಪ್ಪು ಬಹಳ ಸಲ ಓರೆ. ಸೊಟ್ಟಗೆ ಹೊಕ್ಕ ರಿಂಗು ಶಾಫ್ಟನ್ನು ಎದುರುಬದುರು ಎರಡು ಕಡೆ ಕಚ್ಚುತ್ತದೆ. ಎಷ್ಟು ಒತ್ತಿದರೂ ಕಚ್ಚು ಜಾಸ್ತಿಯಾಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಇದಕ್ಕೊಂದು ಸರಳ ನಿಯಮವಿದೆ. ಒಳಹೊಕ್ಕ ಉದ್ದವನ್ನು ಘರ್ಷಣೆಯ ಎರಡರಷ್ಟರಿಂದ ಭಾಗಿಸಿ. ನಡುವಿನಿಂದ ಅದಕ್ಕಿಂತ ದೂರದಲ್ಲಿ ಒತ್ತಿದರೆ ಸಿಕ್ಕಿಕೊಳ್ಳುತ್ತದೆ.

ರಿಂಗು 2 ಮಿ.ಮೀ. ಹೊಕ್ಕಿದೆ ಅನ್ನಿ. 2 ಭಾಗಿಸು 0.24, ಸುಮಾರು 8 ಮಿ.ಮೀ. ಒಳ ರಿಂಗಿನ ಅಂಚು ನಡುವಿನಿಂದ ಸುಮಾರು 15 ಮಿ.ಮೀ. ದೂರದಲ್ಲಿದೆ. ಅಲ್ಲಿ ಒಂದೇ ಪಕ್ಕಕ್ಕೆ ಬಡಿದರೆ ಸಿಕ್ಕಿಕೊಳ್ಳಲೇಬೇಕು. ಅದೇ 4 ಮಿ.ಮೀ. ಹೊಕ್ಕಮೇಲೆ ಈ ಮಿತಿ 16 ದಾಟುತ್ತದೆ, ಅಪಾಯ ಕಡಿಮೆ. ಹಾಗಾಗಿ ತಾಳ್ಮೆ ಬೇಕಿರುವುದು ಮೊದಲ 4 ಮಿಲಿಮೀಟರಿಗೆ. ಪೈಪ್ ತುಂಡಿನ ಬಾಯಿ ಸಮ ಇರಲಿ, ಶಾಫ್ಟಿನ ತುದಿಯಲ್ಲಿ ಗೀರು, ಚೂಪಾದ ಅಂಚು ಇದ್ದರೆ ಮೊದಲೇ ನಯಮಾಡಿ. ಸೊಟ್ಟಗಾದರೆ ಹೊಡೆದು ಸರಿಮಾಡಲು ಹೋಗದೆ, ಹೊರತೆಗೆದು ಮತ್ತೆ ಶುರುಮಾಡಿ.

ಕೀಳುವಾಗ

ಹಳೇ ಬೇರಿಂಗ್ ಬಾರದಿದ್ದಾಗ ಶಾಫ್ಟ್ ಸಮೇತ ಕಾಯಿಸುವುದುಂಟು. ಪ್ರಯೋಜನ ಕಡಿಮೆ. ಶಾಫ್ಟೂ ಉಕ್ಕು, ರಿಂಗೂ ಉಕ್ಕು, ಎರಡೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ಇಲ್ಲಿ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ರೇ ಗತಿ. ಅದರ ಕೊಕ್ಕೆ ಒಳ ರಿಂಗಿನ ಹಿಂದೆ ಸಿಗಬೇಕು. ಹೊರ ರಿಂಗನ್ನೇ ಹಿಡಿದು ಎಳೆಯದೆ ಬೇರೆ ದಾರಿ ಇಲ್ಲದಿದ್ದರೆ, ಆ ಬೇರಿಂಗನ್ನು ಮತ್ತೆ ಹಾಕಬೇಡಿ. ತುಕ್ಕು ಹಿಡಿದಿದ್ದರೆ ಘರ್ಷಣೆ 0.2 ಮುಟ್ಟಬಹುದು. ಆಗ 250 ಕಿಲೋ ಸುಮಾರು 420 ಆಗುತ್ತದೆ. ಎಳೆಯುವ ಮೊದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಿರಿ.

ಮೋಟರಿನ ತುದಿಯ ಮುಚ್ಚಳದಲ್ಲಿ, ಅಂದರೆ ಅಲ್ಯೂಮಿನಿಯಂ ಎಂಡ್ ಕವರಿನಲ್ಲಿ ಸಿಕ್ಕ ಬೇರಿಂಗ್‌ನ ಕಥೆ ಬೇರೆ. ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಎರಡನ್ನೂ ಒಟ್ಟಿಗೆ 60 ಡಿಗ್ರಿ ಏರಿಸಿದರೂ 52 ಮಿ.ಮೀ. ಅಳತೆಯಲ್ಲಿ 34 ಮೈಕ್ರಾನ್ ಸಡಿಲ ಸಿಗುತ್ತದೆ. ಬೆಚ್ಚಗೆ ಮಾಡಿ, ಬಾಯಿ ಕೆಳಗಾಗಿ ಹಿಡಿದು ಮರದ ಹಲಗೆಗೆ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಬಿದ್ದುಬಿಡುತ್ತದೆ.

ಬಂದಮೇಲೆ ಶಾಫ್ಟನ್ನು ಮತ್ತೆ ಅಳೆಯಿರಿ. 25.000ಕ್ಕಿಂತ ಕೆಳಗೆ ಸವೆದಿದ್ದರೆ ಹೊಸ ಬೇರಿಂಗ್ ಅದರ ಮೇಲೆ ಜಾರಿ ತಿರುಗುವ ಸಾಧ್ಯತೆ ಹೆಚ್ಚು. ಇದಕ್ಕೆ ಪಂಚ್ ಇಟ್ಟು ಚುಕ್ಕೆ ಹೊಡೆದು ಬಿಗಿ ತರಿಸುವ ರೂಢಿ ಇದೆ. ದಯವಿಟ್ಟು ಬೇಡ. ಹಿಡಿತ ಬರುವುದು ಒತ್ತಡ ಮತ್ತು ಮುಟ್ಟುವ ಜಾಗ ಎರಡೂ ಸೇರಿ. ಚುಕ್ಕೆ ಹೊಡೆದ ಶಾಫ್ಟಿನಲ್ಲಿ 1,180 ಚದರ ಮಿಲಿಮೀಟರ್ ಹೋಗಿ, ನಾಲ್ಕಾರು ಮೊನೆಗಳಷ್ಟೇ ಉಳಿಯುತ್ತವೆ. ಮೋಟರ್ ಓಡಿದಂತೆ ಅವೂ ಚಪ್ಪಟೆಯಾಗುತ್ತವೆ. ಲೇತ್ ಅಂಗಡಿಯಲ್ಲಿ ವೆಲ್ಡಿಂಗ್ ತುಂಬಿಸಿ ಅಥವಾ ಸ್ಲೀವ್ (ಶಾಫ್ಟಿನ ಮೇಲೆ ಕೂರುವ ತೆಳು ಕೊಳವೆ) ಹಾಕಿಸಿ, 25.002ರಿಂದ 25.011ರ ನಡುವೆ ಗ್ರೈಂಡ್ ಮಾಡಿಸಿ. ಅಳತೆಯನ್ನು ಚೀಟಿಯಲ್ಲಿ ಬರೆದುಕೊಡಿ, ಶಾಫ್ಟ್ ವಾಪಸ್ ಬಂದಾಗ ನೀವೇ ಇನ್ನೊಮ್ಮೆ ಮೈಕ್ರೋಮೀಟರ್ ಹಿಡಿದು ನೋಡಿ.