ಧ್ರುವದ ಕಡಲಿಗೆ ಬೀಳುವ ದೂಳು: ಬೆರಿಲಿಯಂ-7 ಹಿಡಿದು ಅಳೆಯುವ ಬಗೆ

ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತು. ಅವು ಹುಟ್ಟಿದ್ದು ಗಣಿಯಲ್ಲಲ್ಲ, ಮೇಲಿನ ಗಾಳಿಯಲ್ಲಿ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಅಲ್ಲಿನ ನೈಟ್ರೊಜನ್, ಆಕ್ಸಿಜನ್ ಪರಮಾಣುಗಳಿಗೆ ಬಡಿದಾಗ ನ್ಯೂಟ್ರಿನೊ ಹುಟ್ಟುವುದಲ್ಲದೆ ಆ ಪರಮಾಣುಗಳು ಒಡೆದು ಚೂರುಗಳೂ ಉಳಿಯುತ್ತವೆ. ಅಂಥ ಒಂದು ಚೂರು ಬೆರಿಲಿಯಂ-7, ಬೆರಿಲಿಯಂ ಎಂಬ ಲೋಹದ ವಿಕಿರಣಶೀಲ ರೂಪ. ಹುಟ್ಟಿದ ಕೂಡಲೇ ಗಾಳಿಯಲ್ಲಿನ ಸಣ್ಣ ಕಣಗಳಿಗೆ ಅಂಟಿಕೊಂಡು, ಮಳೆ ಹಿಮದ ಜೊತೆ ಇಳಿದು ಬರುತ್ತದೆ. ಮಾಲೂರಿನ ತಾರಸಿಗೂ ಬೀಳುತ್ತದೆ, ಆರ್ಕ್‌ಟಿಕ್ ಸಾಗರಕ್ಕೂ ಬೀಳುತ್ತದೆ.

ಧ್ರುವದ ಕಡಲಿಗೆ ಗಾಳಿಯಿಂದ ಎಷ್ಟು ಕಬ್ಬಿಣ, ಎಷ್ಟು ಸೀಸ ಬೀಳುತ್ತದೆ ಎಂದು ತಿಳಿಯುವುದು ಮುಖ್ಯ. ದಕ್ಷಿಣ ಸಾಗರದಲ್ಲಿ ಕಬ್ಬಿಣದ ಕೊರತೆಯೇ ಸೂಕ್ಷ್ಮ ಸಸ್ಯಗಳ ಬೆಳವಣಿಗೆಯನ್ನು ತಡೆಹಿಡಿದಿದೆ. ಆದರೆ ಅಲ್ಲಿ ಮಳೆಮಾಪಕ ಇಟ್ಟು ಅಳೆಯುವುದು ಬಹುಪಾಲು ವ್ಯರ್ಥ. ಬಿರುಗಾಳಿಯಲ್ಲಿ ಹಿಮ ಅಡ್ಡಡ್ಡ ಹಾರುತ್ತದೆ. ಬಿದ್ದ ಹಿಮವೂ ಎದ್ದು ಬಂದು ಮತ್ತೆ ಮಾಪಕಕ್ಕೆ ಸೇರುತ್ತದೆ. ಹಡಗು ಒಂದು ಜಾಗದಲ್ಲಿ ವಾರಗಟ್ಟಲೆ ನಿಲ್ಲುವುದೂ ಇಲ್ಲ. ಆದ್ದರಿಂದ ಕಡಲನ್ನೇ ಮಾಪಕವಾಗಿ ಬಳಸಬೇಕು. ಗಾಳಿಯಿಂದ ಕಡಲಿಗೆ ಬೆರಿಲಿಯಂ-7 ಎಷ್ಟು ಇಳಿಯಿತು ಎಂದು ಗೊತ್ತಾದರೆ, ಅದೇ ಗಾಳಿಯಲ್ಲಿದ್ದ ಕಬ್ಬಿಣ, ಸೀಸ ಎಷ್ಟು ಇಳಿಯಿತು ಎಂಬ ಲೆಕ್ಕವೂ ಸಿಗುತ್ತದೆ. ಬೆರಿಲಿಯಂ-7ರ ಅರ್ಧಾಯು, ಅಂದರೆ ಇದ್ದದ್ದು ಕ್ಷಯಿಸಿ ಅರ್ಧಕ್ಕಿಳಿಯುವ ಕಾಲ, 53.3 ದಿನ. ಮೇಲ್ಪದರದ ನೀರಿನಲ್ಲಿ ಇವತ್ತು ಎಷ್ಟಿದೆ ಎಂಬುದು ಹಿಂದಿನ ಎರಡು ಮೂರು ತಿಂಗಳಲ್ಲಿ ಬಿದ್ದದ್ದರ ಖಾತೆ.

ಮೊದಲು ತಾರಸಿಯಲ್ಲಿ ಕೈ ಪಳಗಲಿ

ಕಾಲೇಜಿನ ರಸಾಯನ ವಿಭಾಗದವರು ಇದನ್ನು ಮಳೆಗಾಲದಲ್ಲಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾಡಿ ನೋಡಬಹುದು. 60×40 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಟಬ್ ಸಾಕು. 20 ಮಿ.ಮೀ. ಮಳೆಗೆ 4.8 ಲೀಟರ್ ನೀರು ಸಿಗುತ್ತದೆ. ಮಳೆನೀರಿನಲ್ಲಿ ಲೀಟರಿಗೆ ಸುಮಾರು ಒಂದು ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವಷ್ಟು) ಬೆರಿಲಿಯಂ-7 ಇರುತ್ತದೆ. ಟಬ್ಬಿಗೆ ಮೊದಲೇ ಸ್ವಲ್ಪ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಹಾಕಿಡಿ. ಇಲ್ಲದಿದ್ದರೆ ಬೆರಿಲಿಯಂ ಪ್ಲಾಸ್ಟಿಕ್ ಗೋಡೆಗೇ ಅಂಟಿ ಉಳಿದುಬಿಡುತ್ತದೆ. ಹೆಚ್ಚಿನವರ ಮೊದಲ ಅಳತೆ ಕಡಿಮೆ ಬರುವುದು ಇಲ್ಲೇ. ನೀರು ತೆಗೆದ ಮೇಲೆ ಟಬ್ಬನ್ನು ಆಮ್ಲದಿಂದ ತೊಳೆದು ಆ ನೀರನ್ನೂ ಸೇರಿಸಿ.

ಫೆರಿಕ್ ಕ್ಲೋರೈಡ್ ರೂಪದಲ್ಲಿ ಸುಮಾರು 100 ಮಿಲಿಗ್ರಾಂ ಕಬ್ಬಿಣ ಹಾಕಿ ಕಲಕಿ, ಅಮೋನಿಯಾದಿಂದ ಪಿಎಚ್ ಅನ್ನು 8 ಮತ್ತು 9ರ ನಡುವೆ ತನ್ನಿ. ಕಂದು ಗಷ್ಟು ಕೂರುತ್ತದೆ, ಬೆರಿಲಿಯಂ ಅದರ ಜೊತೆ ಬರುತ್ತದೆ. ಅಮೋನಿಯಾ ಬದಲು ಕಾಸ್ಟಿಕ್ ಸೋಡಾ ಸುರಿಯಬೇಡಿ. ಕ್ಷಾರ ಹೆಚ್ಚಾದರೆ ಬೆರಿಲಿಯಂ ಮತ್ತೆ ಕರಗಿ ನೀರಿಗೆ ಹೋಗುತ್ತದೆ. ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿ ಸೋಸಿ ಒಣಗಿಸಿ. ಬಗ್ಗಿಸಿದ ತಿಳಿಯನ್ನು ಚೆಲ್ಲದೆ ಅದಕ್ಕೆ ಇನ್ನೊಮ್ಮೆ ಕಬ್ಬಿಣ ಹಾಕಿ ಎರಡನೇ ಗಷ್ಟು ತೆಗೆಯಿರಿ. ಅದರಲ್ಲೂ ಬೆರಿಲಿಯಂ ಕಂಡರೆ ಮೊದಲ ಸಲ ಎಷ್ಟು ತಪ್ಪಿಸಿಕೊಂಡಿತ್ತು ಎಂದು ಗೊತ್ತಾಗುತ್ತದೆ. ಸ್ಥಿರ (ವಿಕಿರಣವಿಲ್ಲದ) ಬೆರಿಲಿಯಂ ಬೆರೆಸಿ ಇಳುವರಿ ನೋಡುವ ಕ್ರಮವೂ ಇದೆ, ಆದರೆ ಅದರ ಉಪ್ಪು ವಿಷ, ಒಣಪುಡಿ ಶ್ವಾಸಕೋಶಕ್ಕೆ ಅಪಾಯ. ವಿದ್ಯಾರ್ಥಿಗಳ ಕೈಗೆ ಅದು ಬೇಡ.

ಕಡಲಿನಲ್ಲಿ

ಕಷ್ಟ ಶುರುವಾಗುವುದು ಇಲ್ಲಿ. ಕಡಲ ಮೇಲ್ಪದರದಲ್ಲಿ ಸಾವಿರ ಲೀಟರಿಗೆ ಕೆಲವೇ ಬೆಕೆರೆಲ್ ಇರುತ್ತದೆ. ಹಾಗಾಗಿ ಪ್ರತಿ ಆಳದಿಂದ 400ರಿಂದ 700 ಲೀಟರ್ ನೀರನ್ನು ಪಂಪಿನಿಂದ ಎತ್ತಿ ಡ್ರಮ್ಮಿಗೆ ತುಂಬಬೇಕು. ಅಷ್ಟನ್ನೂ ಕಬ್ಬಿಣದ ಹೈಡ್ರಾಕ್ಸೈಡ್ ಹಿಡಿಸಿದ ಅಕ್ರಿಲಿಕ್ ನಾರಿನ ಮೂಲಕ ಹಾಯಿಸಬೇಕು. ನೀರು ಜೋರಾಗಿ ಹರಿದರೆ ಬೆರಿಲಿಯಂ ಹಿಡಿತಕ್ಕೆ ಸಿಗದೆ ಜಾರುತ್ತದೆ. ಅದಕ್ಕೆ ಎರಡು ನಾರಿನ ಕೊಳವೆಗಳನ್ನು ಒಂದರ ಹಿಂದೆ ಒಂದು ಜೋಡಿಸಿ. ಮೊದಲನೆಯದರಲ್ಲಿ 100 ಪಾಲು, ಎರಡನೆಯದರಲ್ಲಿ 20 ಪಾಲು ಸಿಕ್ಕರೆ ಹಿಡಿತ ಶೇ 80.

ಮೇಲ್ಪದರ ಎಲ್ಲಿಯವರೆಗೆ ಕಲೆತಿದೆ ಎಂಬುದನ್ನು ಉಷ್ಣತೆ ಮತ್ತು ಉಪ್ಪಿನ ಅಳತೆಯಿಂದ ಮೊದಲು ನೋಡಿ. ಅದರೊಳಗೆ ಎರಡು, ಅದರ ಕೆಳಗೆ ಕನಿಷ್ಠ ಎರಡು ಆಳ ಆರಿಸಿ. ಕೆಳಕ್ಕಿಳಿದ ಬೆರಿಲಿಯಂ ಅನ್ನು ಬಿಟ್ಟರೆ ಒಟ್ಟು ಮೊತ್ತ ಕಡಿಮೆಯಾಗುತ್ತದೆ.

ಮಂಜುಗಡ್ಡೆ ಮುಚ್ಚಿದ ಕಡೆ ಬರೀ ನೀರನ್ನು ಅಳೆದರೆ ಉತ್ತರ ತಪ್ಪು. ಬಿದ್ದ ಬೆರಿಲಿಯಂನ ಒಂದು ಪಾಲು ಗಡ್ಡೆಯ ಮೇಲಿನ ಹಿಮದಲ್ಲೇ ಕೂತಿರುತ್ತದೆ. ಗೊತ್ತಾದ ವಿಸ್ತೀರ್ಣದ ಹಿಮವನ್ನು ತಳದವರೆಗೂ ಕೆರೆದು, ಆಮ್ಲ ಹಾಕಿದ ಪಾತ್ರೆಯಲ್ಲಿ ಕರಗಿಸಿ. ಗಡ್ಡೆಯನ್ನೂ ಕೊರೆದು ತೆಗೆಯಿರಿ. ಬೇಸಿಗೆಯಲ್ಲಿ ಗಡ್ಡೆಯ ಮೇಲೆ ನಿಲ್ಲುವ ಕರಗುನೀರಿನ ಕೊಳಗಳನ್ನು ಮರೆಯಬೇಡಿ. ಇವೆಲ್ಲ ಕೂಡಿದಾಗ ಮಾತ್ರ ಲೆಕ್ಕ ಪೂರ್ಣ.

ಜೊತೆಗೆ ಹಡಗಿನ ಮೇಲ್ಭಾಗದಲ್ಲಿ ನಿಮಿಷಕ್ಕೆ ಸುಮಾರು ಒಂದು ಘನ ಮೀಟರ್ ಗಾಳಿ ಎಳೆದು ಅದರಲ್ಲಿನ ಕಣಗಳನ್ನು ಕಾಗದದಲ್ಲಿ ಹಿಡಿಯುವ ಸೋಸುಯಂತ್ರ ಓಡುತ್ತಿರಬೇಕು. ಗಾಳಿ ಮುಂಭಾಗದಿಂದ ಬೀಸುವಾಗ ಮಾತ್ರ ಅದು ಚಾಲೂ ಆಗುವಂತೆ ಮಾಡಿ. ಹೊಗೆಕೊಳವೆಯ ಕಡೆಯ ಗಾಳಿ ಒಂದು ಗಂಟೆ ಒಳಬಂದರೂ ಲೋಹಗಳ ಅಳತೆ ಕೆಟ್ಟಿತು.

ಎಣಿಕೆ

ನಾರನ್ನು ಒಣಗಿಸಿ, ಕುಲುಮೆಯಲ್ಲಿ ಸುಟ್ಟು, ಬೂದಿಯನ್ನು ಬಿಲ್ಲೆಯಾಗಿ ಒತ್ತಿ, ಗಾಮಾ ಕಿರಣ ಎಣಿಸುವ ಜರ್ಮೇನಿಯಂ ಡಿಟೆಕ್ಟರ್ ಮೇಲಿಡಿ. ಹುಡುಕಬೇಕಾದ ಗಾಮಾ ಗೆರೆ, ಅಂದರೆ ಬೆರಿಲಿಯಂ-7 ಕೊಡುವ ಗಾಮಾ ಕಿರಣದ ಶಕ್ತಿ, 477.6 ಕಿಲೋ ಎಲೆಕ್ಟ್ರಾನ್ ವೋಲ್ಟ್. ನೂರು ಬೆರಿಲಿಯಂ-7 ಕ್ಷಯಿಸಿದರೆ ಹತ್ತು ಮಾತ್ರ ಈ ಗಾಮಾ ಕೊಡುತ್ತವೆ. 500 ಲೀಟರಿನಲ್ಲಿ 1.5 ಬೆಕೆರೆಲ್ ಇದ್ದು, ಶೇ 82 ಹಿಡಿದು, ಹಡಗು ಬಂದರಿಗೆ ಮುಟ್ಟಲು 60 ದಿನ ಹಿಡಿದರೆ ಉಳಿಯುವುದು 0.56 ಬೆಕೆರೆಲ್. ಡಿಟೆಕ್ಟರಿನ ದಕ್ಷತೆ ಶೇ 3 ಇದ್ದರೆ ದಿನಕ್ಕೆ ಸುಮಾರು 150 ಎಣಿಕೆ. ಮೂರು ದಿನ ಎಣಿಸಲು ಬಿಟ್ಟರೇ ನಂಬುವಂಥ ಅಂಕಿ. ಇನ್ನೆರಡು ತಿಂಗಳು ತಡವಾದರೆ ಆ ಮಾದರಿ ಹೆಚ್ಚುಕಡಿಮೆ ಕೈಬಿಟ್ಟಂತೆ.

ನಮ್ಮ ಕಡೆ ಎಣಿಸುವವರಿಗೆ ಇನ್ನೊಂದು ತೊಡಕು. ಚಿಕ್ಕಬಳ್ಳಾಪುರದ ಸುತ್ತಲಿನ ಕ್ವಾರಿ, ಜಲ್ಲಿ ಕ್ರಷರ್‌ಗಳ ಕಲ್ಲುದೂಳಿನಲ್ಲಿ ಥೋರಿಯಂ ಇರುತ್ತದೆ. ಅದರ ಸಂತತಿಯ (ಅದು ಕ್ಷಯಿಸಿ ಹುಟ್ಟುವ) ಆಕ್ಟಿನಿಯಂ-228ಕ್ಕೆ 478ರಲ್ಲೇ ಒಂದು ಸಣ್ಣ ಗೆರೆಯಿದೆ, ಬೆರಿಲಿಯಂನದೆಂದೇ ಕಾಣುತ್ತದೆ. ಆಕ್ಟಿನಿಯಂನದೇ ಇನ್ನೊಂದು ಗೆರೆ 911ರಲ್ಲಿ ಎದ್ದಿದೆಯೇ ನೋಡಿ. ಎದ್ದಿದ್ದರೆ ಅದರ ಪಾಲನ್ನು ಕಳೆಯಿರಿ. ಟಬ್ಬನ್ನು ನೆಲದಿಂದ ಎತ್ತರಕ್ಕೆ, ರಸ್ತೆಯಿಂದ ದೂರ ಇಡಬೇಕಾದ್ದೂ ಇದಕ್ಕೇ. ಕಲ್ಲುಚಪ್ಪಡಿಯ ಕೋಣೆಯಲ್ಲಿ ಡಿಟೆಕ್ಟರ್ ಇಟ್ಟರೆ ಹಿನ್ನೆಲೆ ಎಣಿಕೆಯೇ ಏರುತ್ತದೆ. ಸುತ್ತ 10 ಸೆಂ.ಮೀ. ಸೀಸದ ಗೋಡೆ ಬೇಕೇಬೇಕು.

ಲೆಕ್ಕ

ಕಲಿಯಲು ಸುಲಭದ ಅಂಕಿಗಳನ್ನು ಹಿಡಿಯೋಣ. ಮೇಲಿನ 20 ಮೀಟರಿನಲ್ಲಿ ಘನ ಮೀಟರಿಗೆ 3 ಬೆಕೆರೆಲ್ ಇದ್ದರೆ ಚದರ ಮೀಟರಿಗೆ ಒಟ್ಟು 60. ಕ್ಷಯದ ವೇಗ 0.693ನ್ನು 53.3ರಿಂದ ಭಾಗಿಸಿದರೆ ದಿನಕ್ಕೆ 0.013. ದಿನಾ ಕ್ಷಯಿಸುವಷ್ಟೇ ದಿನಾ ಬೀಳುತ್ತಿದೆ ಎಂದುಕೊಂಡರೆ ಬೀಳುವುದು 0.78 ಬೆಕೆರೆಲ್. ಗಾಳಿಯಲ್ಲಿ ಘನ ಮೀಟರಿಗೆ 0.001 ಬೆಕೆರೆಲ್ ಸಿಕ್ಕಿದ್ದರೆ, ದಿನಕ್ಕೆ 780 ಮೀಟರ್ ಎತ್ತರದ ಗಾಳಿಕಂಬ ತೊಳೆದು ಕಡಲಿಗಿಳಿದಂತೆ. ಅದೇ ಗಾಳಿಯಲ್ಲಿ ಘನ ಮೀಟರಿಗೆ 10 ನ್ಯಾನೊಗ್ರಾಂ ಕಬ್ಬಿಣವಿದ್ದರೆ ದಿನಕ್ಕೆ ಚದರ ಮೀಟರಿಗೆ 7.8 ಮೈಕ್ರೊಗ್ರಾಂ ಕಬ್ಬಿಣ ಬಿತ್ತು. ಹಿಂದಿನ ವಾರಗಳಲ್ಲಿ ದೊಡ್ಡ ಹಿಮಪಾತವಾಗಿದ್ದರೆ ಅಥವಾ ಗಡ್ಡೆ ದಿಢೀರನೆ ಕರಗಿದ್ದರೆ ಈ ಸಮತೋಲದ ಊಹೆ ನಿಲ್ಲುವುದಿಲ್ಲ. ಹವಾಮಾನದ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡೇ ಲೆಕ್ಕ ಹಾಕಿ.

ಗಾಳಿ ಸೋಸಿದ ಕಾಗದದಲ್ಲೇ ಸೀಸ-210 ಕೂಡ ಸಿಗುತ್ತದೆ. ಅದು ನೆಲದಿಂದ ಏಳುವ ರೇಡಾನ್‌ನ ಸಂತತಿ, ಅರ್ಧಾಯು 22 ವರ್ಷ. ಬೆರಿಲಿಯಂ ಮೇಲಿನಿಂದ ಇಳಿದ ಗಾಳಿಯ ಗುರುತಾದರೆ, ಸೀಸ-210 ಭೂಖಂಡದ ಮೇಲಿಂದ ಬಂದ ಗಾಳಿಯ ಗುರುತು. ಅದರ ಗೆರೆ 46.5ರಲ್ಲಿ, ತೀರ ದುರ್ಬಲ. ದಪ್ಪ ಬಿಲ್ಲೆಯೊಳಗೇ ಹೀರಿಹೋಗುತ್ತದೆ. ಕಾಗದವನ್ನು ತೆಳುವಾಗಿ ಒತ್ತಿ, ತೆಳು ಕಿಟಕಿಯ ಡಿಟೆಕ್ಟರ್‌ನಲ್ಲಿ ನೋಡಬೇಕು. ಡಿಟೆಕ್ಟರ್ ಒಂದೇ ಇದ್ದರೆ ಬೆರಿಲಿಯಂ ಮಾದರಿಗಳನ್ನೆಲ್ಲ ಮೊದಲು ಮುಗಿಸಿ, ಸೀಸದವನ್ನು ಕಪಾಟಿನಲ್ಲಿಡಿ. ಮುಂದಿನ ವರ್ಷ ತೆಗೆದರೂ ಅವುಗಳಲ್ಲಿ ಶೇ 3ರಷ್ಟು ಮಾತ್ರ ಇಳಿದಿರುತ್ತದೆ.