ಹಿಂಡಿಯ ಜೊತೆಗೆ ಬೇಲಿಯ ಸೊಪ್ಪು

ನಮ್ಮದು ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ. ಹಟ್ಟಿಯಲ್ಲಿ ಒಂದು ಜೆರ್ಸಿ ಮಿಶ್ರತಳಿ, ಒಂದು ಕಾಸರಗೋಡು ಗಿಡ್ಡ ಎಂಬ ಊರಿನ ಸಣ್ಣ ತಳಿಯ ದನ. ಬೈಹುಲ್ಲಿಗೂ ದುಡ್ಡು ಕೊಡಬೇಕು, ಹಿಂಡಿಯ ರೇಟಂತೂ ಕೇಳುವುದೇ ಬೇಡ. ಬೇಲಿಯಲ್ಲಿ ಮಾತ್ರ ಗ್ಲಿರಿಸಿಡಿಯಾ ಎಂಬ ಗೊಬ್ಬರದ ಸೊಪ್ಪಿನ ಗಿಡ ಬೇಕಾದಷ್ಟಿತ್ತು. ಅಡಿಕೆ ಬುಡಕ್ಕೆ ಸೊಪ್ಪು ಹಾಕಲೆಂದು ನೆಟ್ಟದ್ದು. ಅದನ್ನೇ ದನಕ್ಕೂ ಕೊಡಲು ಶುರುಮಾಡಿದೆ.

ಆಗಷ್ಟೇ ಕಡಿದ ಸೊಪ್ಪನ್ನು ಜೆರ್ಸಿ ಮೂಸಿ ಮುಖ ತಿರುಗಿಸಿತು. ಆ ವಾಸನೆಯೇ ಹಾಗೆ. ಸಂಜೆ ಕಡಿದು ಜಗಲಿಯಲ್ಲಿ ಹರಡಿಟ್ಟರೆ ಬೆಳಿಗ್ಗೆ ಬಾಡಿರುತ್ತದೆ, ವಾಸನೆಯೂ ಇಳಿದಿರುತ್ತದೆ. ಮೊದಮೊದಲು ಒಂದೊಂದೇ ಹಿಡಿ, ಅದೂ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಚಿಮುಕಿಸಿದ ಬೈಹುಲ್ಲಿನಲ್ಲಿ ಬೆರೆಸಿ ಕೊಟ್ಟೆ. ನಿಧಾನವಾಗಿ ರೂಢಿಯಾಯಿತು. ಗಿಡ್ಡಕ್ಕೆ ಈ ತಕರಾರೇ ಇಲ್ಲ, ಹಗ್ಗ ಬಿಚ್ಚಿದರೆ ನೇರ ಬೇಲಿಗೇ ಬಾಯಿ ಹಾಕುತ್ತದೆ!

ಸೊಪ್ಪು ಸಿಕ್ಕಿತೆಂದು ಹಿಂಡಿಯನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಒಣಗಿಸಿ ತೂಗಿದರೆ ಇದರಲ್ಲಿ ಪ್ರೋಟೀನ್ ಶೇ. 20ರ ಮೇಲೆಯೇ ಇದೆ, ಹೆಚ್ಚುಕಮ್ಮಿ ತೆಂಗಿನ ಹಿಂಡಿಯಷ್ಟು. ಆದರೆ ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ? ಒಂದು ಕಿಲೋ ಹಿಂಡಿಯ ಜಾಗಕ್ಕೆ ನಾಲ್ಕೈದು ಕಿಲೋ ಸೊಪ್ಪು ಬೇಕಾಗುತ್ತದೆ. ಹಿಂಡಿಯ ಎಣ್ಣೆಯಂಶ ಸೊಪ್ಪಿನಿಂದ ಬರುವುದೂ ಇಲ್ಲ. ಹಾಗಾಗಿ ಜೆರ್ಸಿಗೆ ದಿನಕ್ಕೆ ಒಂದು ಕಿಲೋ ಹಿಂಡಿ ಮಾತ್ರ ಕಡಿಮೆ ಮಾಡಿದೆ. ಕರು ಹಾಕಿದ ಹೊಸದರಲ್ಲಿ ಅದನ್ನೂ ಕಡಿಮೆ ಮಾಡುವುದಿಲ್ಲ. ಹಾಲು ಜಾಸ್ತಿಯಾಯಿತೇ ಎಂದು ಕೇಳುವವರಿದ್ದಾರೆ. ಇಲ್ಲ, ಇದ್ದಷ್ಟೇ ಇದೆ. ಉಳಿದದ್ದು ಹಿಂಡಿಯ ದುಡ್ಡು.

ಸುಬಾಬುಲ್ ಮರದ ಸೊಪ್ಪು ಕೂಡ ಒಳ್ಳೆಯ ಮೇವೇ. ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶ ಇದೆ, ಜಾಸ್ತಿ ತಿಂದರೆ ರೋಮ ಉದುರುತ್ತದೆ. ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಬಾರದು. ಮರಗೆಣಸಿನ ಹಸಿ ಎಲೆಯನ್ನು ನಾನು ಹಟ್ಟಿಯ ಹತ್ತಿರಕ್ಕೂ ತರುವುದಿಲ್ಲ. ಅದರಲ್ಲಿ ಸಯನೈಡ್ ಹುಟ್ಟುತ್ತದೆ.

ಅಡಿಕೆಯವರು ಇನ್ನೊಂದು ಗಮನಿಸಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಬಿಡುತ್ತೇವಲ್ಲ, ಆ ತಾಮ್ರದ ಮೈಲುತುತ್ತು ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ತಾಮ್ರ ದನದ ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ಮದ್ದು ಬಿಟ್ಟ ಮೇಲೆ ನಾಲ್ಕು ಮಳೆ ಚೆನ್ನಾಗಿ ಹೊಡೆಯುವವರೆಗೆ ತೋಟದೊಳಗಿನ ಹುಲ್ಲು ಕೊಯ್ಯುವುದಿಲ್ಲ. ಆಗೆಲ್ಲ ರಸ್ತೆ ಬದಿಯ ಬೇಲಿಯಿಂದಲೇ ಸೊಪ್ಪು.

ಗ್ಲಿರಿಸಿಡಿಯಾವನ್ನು ಸುಮ್ನೆ ಬಿಟ್ಟರೆ ಬೇಸಗೆಯಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ. ಹಸಿರು ಬೇಕಾದ ಹೊತ್ತಿಗೇ ಬೋಳು. ಅದಕ್ಕೆ ಬೇಲಿಯನ್ನು ಪಾಲು ಮಾಡಿಕೊಂಡು ಸರದಿಯಲ್ಲಿ ಕಡಿಯುತ್ತೇನೆ, ಚಿಗುರು ಬರುತ್ತಲೇ ಇರುತ್ತದೆ. ದನ ತಿಂದು ಬಿಟ್ಟ ಕಡ್ಡಿ ಮೊದಲಿನ ಹಾಗೆ ಅಡಿಕೆ ಬುಡಕ್ಕೆ.