ಪ್ರಬಂಧ ಪ್ರಶಸ್ತಿಗೆ ಅರ್ಜಿ: ಎಡವುವುದು ಸಾರಾಂಶದಲ್ಲಿ

ಎರಡು ವರ್ಷ ಮಾನ್ವಿ, ಸಿಂಧನೂರಿನ ಗದ್ದೆಗಳಲ್ಲಿ ಬಿಸಿಲುಂಡು ಬರೆದ ಎಂ.ಎಸ್ಸಿ. ಪ್ರಬಂಧವನ್ನು ಕೊನೆಯ ದಿನದ ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಪ್ರಶಸ್ತಿಗೆ ಕಳಿಸುವವರನ್ನು ರಾಯಚೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಪ್ರಬಂಧ ಚೆನ್ನಾಗಿಯೇ ಇರುತ್ತದೆ, ಅರ್ಜಿ ಅದನ್ನು ಮುಳುಗಿಸುತ್ತದೆ. ಅತ್ಯುತ್ತಮ ಸ್ನಾತಕೋತ್ತರ ಪ್ರಬಂಧಕ್ಕೆ ವಿಶ್ವವಿದ್ಯಾಲಯಗಳು ಕೊಡುವ ಪ್ರಶಸ್ತಿಗೆ ಅರ್ಜಿ ಹಾಕುವವರು ಇಷ್ಟು ಮಾಡಿ.

ಮೊದಲು ಸುತ್ತೋಲೆಯನ್ನು ಪೂರ್ತಿ ಓದಿ. ಯಾವ ಅವಧಿಯಲ್ಲಿ ಮೌಖಿಕ ಪರೀಕ್ಷೆ ಮುಗಿಸಿದವರು ಅರ್ಹರು, ಎಷ್ಟು ಪ್ರತಿ ಕೊಡಬೇಕು, ಸಾರಾಂಶ ಎಷ್ಟು ಪದ ಎಂಬುದಕ್ಕೆ ಗೆರೆ ಎಳೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಳೆದ ವರ್ಷದ ನಮೂನೆಯನ್ನು ಅಳಿಸಿಬಿಡಿ.

ಎರಡನೆಯದು ಮಾರ್ಗದರ್ಶಕರ ಶಿಫಾರಸು ಪತ್ರ. ಎರಡು ವಾರ ಮೊದಲೇ ಕೇಳಿ. ‘ನೀನೇ ಬರೆದು ತಾರಪ್ಪ, ಸಹಿ ಹಾಕುತ್ತೇನೆ’ ಎಂದರೆ ಒಪ್ಪಬೇಡಿ. ಒಂದು ಪುಟ ಟಿಪ್ಪಣಿ ಕೊಟ್ಟು ಅವರಿಂದಲೇ ಬರೆಸಿ. ಪತ್ರ ಮತ್ತು ಸಾರಾಂಶ ಒಂದೇ ಕೈಯವು ಎಂಬುದು ನಾಲ್ಕು ಸಾಲಿನಲ್ಲಿ ಗೊತ್ತಾಗುತ್ತದೆ.

ಈಗ ಸಾರಾಂಶ. ಇದಕ್ಕೆ ಒಂದು ವಾರ ಎತ್ತಿಡಿ. ಪ್ರಬಂಧದ ಕೊನೆಯ ಅಧ್ಯಾಯವನ್ನು ಕತ್ತರಿಸಿ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಮಣ್ಣು ವಿಜ್ಞಾನದ ಪ್ರಬಂಧ ತೀರ್ಪಿಗೆ ಕೀಟಶಾಸ್ತ್ರದವರ ಕೈಗೂ ಹೋಗಬಹುದು. ಅವರಿಗೆ ‘ಕೃಷಿ ಭಾರತದ ಬೆನ್ನೆಲುಬು’ ಎಂದು ಆರಂಭಿಸಿದರೆ ಅಲ್ಲಿಗೇ ಓದು ನಿಂತಿತು.

ತುಂಗಭದ್ರಾ ಎಡದಂಡೆ ಕಾಲುವೆಯ ಸವಳು (ಉಪ್ಪೇರಿದ) ಭೂಮಿ ನಿಮ್ಮ ವಿಷಯ ಎನ್ನೋಣ. ಮೊದಲ ಸಾಲಿನಲ್ಲೇ ಹೊಲಕ್ಕೆ ಇಳಿಯಿರಿ: ಕಡಿಮೆ ನೀರಿನ ಬೆಳೆಗಳಿಗೆಂದು ರೂಪಿಸಿದ ಅಚ್ಚುಕಟ್ಟಿನಲ್ಲಿ ಭತ್ತ ಹಬ್ಬಿತು, ನೀರು ನಿಂತಿತು, ಉಪ್ಪು ಮೇಲೆ ಬಂತು. ಆಮೇಲೆ ಪ್ರಯೋಗಕ್ಕೆ ಎಷ್ಟು ತಾಕು, ಎಷ್ಟು ಹಂಗಾಮು, ಏನು ಮಾಡಿದಿರಿ. ನಂತರ ಫಲಿತಾಂಶ. ‘ಲವಣಾಂಶ ಗಣನೀಯವಾಗಿ ಇಳಿಯಿತು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಉಪ್ಪಿನಂಶವನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರ್‌ಗೆ 4 ಡೆಸಿಸೀಮನ್ಸ್ ಮೀರಿದ ಮಣ್ಣನ್ನು ಸವಳು ಎನ್ನುತ್ತಾರೆ. ನಿಮ್ಮ ತಾಕು ಎಷ್ಟರಲ್ಲಿತ್ತು, ಎಷ್ಟಕ್ಕೆ ಇಳಿಯಿತು? ಎಕರೆಗೆ ಎಷ್ಟು ಚೀಲ ಹೆಚ್ಚು ಬಂತು? ಕೈಗೂಡದ ಒಂದು ಪ್ರಯೋಗವನ್ನೂ ಬರೆಯಿರಿ. ಅದಿಲ್ಲದ ಸಾರಾಂಶವನ್ನು ನಾನಂತೂ ನಂಬುವುದಿಲ್ಲ. ‘ಮೊಟ್ಟಮೊದಲ ಬಾರಿಗೆ’ ಎಂಬುದನ್ನು ಹೊಡೆದುಹಾಕಿ. ಕೊನೆಗೆ ಭತ್ತ ಬೆಳೆಯುವ ಮಾವನಿಗೋ ಕಾಕನಿಗೋ ಗಟ್ಟಿಯಾಗಿ ಓದಿ ಹೇಳಿ. ಅವರು ‘ಹಂಗಂದರೆ?’ ಎಂದ ಸಾಲನ್ನು ಮತ್ತೆ ಬರೆಯಿರಿ.

ನಂತರ ಕೃತಿಚೌರ್ಯ ತಪಾಸಣೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆ ಬರಹಗಳೊಂದಿಗೆ ಶೇ 10ರವರೆಗಿನ ಸಾಮ್ಯತೆಗೆ ದಂಡನೆ ಇಲ್ಲ. ಆದರೆ ಸಾರಾಂಶ, ಫಲಿತಾಂಶ, ತೀರ್ಮಾನಗಳಲ್ಲಿ ಸಾಮ್ಯತೆಯೇ ಇರಬಾರದು ಎಂದು ಅದೇ ನಿಯಮ ಹೇಳುತ್ತದೆ. ಇದನ್ನು ಓದಿದವರು ಕಡಿಮೆ. ಪದ ಬದಲಿಸಿ ಕೊಡುವ ಉಚಿತ ತಾಣಗಳ ಹತ್ತಿರ ಸುಳಿಯಬೇಡಿ. ಅವು ‘ಮಣ್ಣಿನ ಆರೋಗ್ಯ’ವನ್ನು ‘ಮೃತ್ತಿಕೆಯ ಸ್ವಾಸ್ಥ್ಯ’ ಮಾಡಿ ಕೊಡುತ್ತವೆ.

ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ತೊಡಕು. ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಕಡತ ತಪಾಸಣೆಯ ತಂತ್ರಾಂಶದ ಕಣ್ಣಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸಾಮ್ಯತೆ ಸೊನ್ನೆ ಎಂದು ವರದಿ ಬಂದರೆ ಹಿಗ್ಗಬೇಡಿ, ಅದು ಓದಿಯೇ ಇಲ್ಲ. ಯುನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದು ಪುಟವಾಗಿ ನೋಡಿ.

ಬೈಂಡಿಂಗ್‌ಗೆ ಚಿನ್ನದ ಬಣ್ಣದ ಅಕ್ಷರ ಬೇಡ, ದುಡ್ಡು ದಂಡ. ಪಿಡಿಎಫ್ ಮಾಡಿ, ಬೇರೆಯವರ ಮೊಬೈಲ್‌ನಲ್ಲಿ ತೆರೆದು ನೋಡಿ, ಗಡುವಿಗೆ ಎರಡು ದಿನ ಮೊದಲೇ ಕೊಟ್ಟು ಸ್ವೀಕೃತಿಗೆ ಮೊಹರು ಹಾಕಿಸಿಕೊಳ್ಳಿ.